ಪಾಲಿಶ್: ಉಜ್ಜಿದ ಹೊಳಪು, ಹಚ್ಚಿದ ಹೊಳಪು

ಇಂಗ್ಲಿಷಿನಿಂದ ಬಂದು ಕನ್ನಡದ್ದೇ ಆಗಿಬಿಟ್ಟ ಮಾತುಗಳಲ್ಲಿ ‘ಪಾಲಿಶ್’ ಒಂದು. ಬೂಟಿಗೆ ಪಾಲಿಶ್, ಬಾಗಿಲಿಗೆ ಪಾಲಿಶ್, ಉಗುರಿಗೆ ಪಾಲಿಶ್, ಅಕ್ಕಿಗೆ ಪಾಲಿಶ್, ತೊಗರಿಬೇಳೆಗೆ ಪಾಲಿಶ್, ಚಿನ್ನದಂಗಡಿಯಲ್ಲಿ ಹಳೆಯ ಬಳೆಗೆ ಪಾಲಿಶ್. ಕೆಲಸ ಆಗಬೇಕಾದವರನ್ನು ಹೊಗಳಿ ಒಲಿಸಿಕೊಳ್ಳುವುದಕ್ಕೂ ‘ಪಾಲಿಶ್ ಹೊಡೆಯುವುದು’ ಎನ್ನುವವರಿದ್ದಾರೆ. ಹಳ್ಳಿಯ ಹಿರಿಯರ ಬಾಯಲ್ಲಿ ಅದು ‘ಪಾಲೀಸು’ ಆಗಿ ಇನ್ನಷ್ಟು ಒಗ್ಗಿಹೋಗಿದೆ. ಇದು ಹೊರಗಿನ ಪದ ಎಂದು ಯಾರಿಗೂ ಅನ್ನಿಸುವುದಿಲ್ಲ.

ಆದರೆ ಈ ಎಲ್ಲ ಕಡೆಯೂ ನಡೆಯುವ ಕೆಲಸ ಒಂದೇ ಅಲ್ಲ. ಅಕ್ಕಿಗೆ ಪಾಲಿಶ್ ಮಾಡಿದರೆ ಮೇಲಿನ ತೌಡು ಹೋಗುತ್ತದೆ. ಬೂಟಿಗೆ ಪಾಲಿಶ್ ಮಾಡಿದರೆ ಮೇಣದ ಒಂದು ಪದರ ಹೊಸದಾಗಿ ಬಂದು ಕೂರುತ್ತದೆ. ಒಂದರಲ್ಲಿ ಇದ್ದದ್ದನ್ನು ತೆಗೆಯುತ್ತೇವೆ, ಇನ್ನೊಂದರಲ್ಲಿ ಇಲ್ಲದ್ದನ್ನು ಹಚ್ಚುತ್ತೇವೆ. ಎರಡರಲ್ಲೂ ಕೊನೆಗೆ ಕಣ್ಣಿಗೆ ಕಾಣುವುದು ಹೊಳಪೇ ಆದ್ದರಿಂದ ಭಾಷೆ ಎರಡನ್ನೂ ಒಂದೇ ಹೆಸರಿನಿಂದ ಕರೆದು ಸುಮ್ಮನಾಗಿದೆ. ಕಾಫಿ, ಕಾಳುಮೆಣಸು, ಅಡಿಕೆ ಬೆಳೆದು ಮಾರಿ ಬದುಕುವ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಜನಕ್ಕೆ ಮಾತ್ರ ಈ ವ್ಯತ್ಯಾಸ ಬರೀ ನಿಘಂಟಿನ ವಿಷಯವಲ್ಲ. ಬೆಳೆಗೆ ಸಿಗುವ ಬೆಲೆಯೂ ಕೊಳ್ಳುವವರ ನಂಬಿಕೆಯೂ ಇದಕ್ಕೆ ಅಂಟಿಕೊಂಡಿವೆ.

ಪದದ ಹುಟ್ಟು

ಪಾಲಿಶ್ ಪದದ ಬೇರು ಲ್ಯಾಟಿನ್ ಭಾಷೆಯ ‘ಪೊಲೀರೆ’ ಎಂಬ ಕ್ರಿಯಾಪದ. ನುಣುಪು ಮಾಡು, ಉಜ್ಜಿ ಹೊಳೆಯಿಸು ಎಂದು ಅದರ ಅರ್ಥ. ಅದು ಹಳೆಯ ಫ್ರೆಂಚಿನಲ್ಲಿ ‘ಪೊಲಿರ್’ ಆಯಿತು. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನಿಂದ ಇಂಗ್ಲಿಷಿಗೆ ಹರಿದುಬಂದ ನೂರಾರು ಪದಗಳ ಜೊತೆ ಇದೂ ಬಂತು. ಸುಮಾರು 1300ರ ಹೊತ್ತಿಗೆ ಇಂಗ್ಲಿಷ್ ಬರವಣಿಗೆಯಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಬಟ್ಟೆಯನ್ನು ಬಡಿದು ಹದ ಮಾಡುವ ಕಸುಬಿಗೂ ಈ ಲ್ಯಾಟಿನ್ ಪದಕ್ಕೂ ಸಂಬಂಧವಿದೆ ಎಂದು ಕೆಲವು ಭಾಷಾಶಾಸ್ತ್ರಜ್ಞರು ಊಹಿಸಿದ್ದಾರೆ.

ಪೋಲೆಂಡ್ ದೇಶದವರನ್ನು ಕರೆಯುವ ‘ಪೋಲಿಶ್’ ಎಂಬ ಪದವನ್ನೂ ಇಂಗ್ಲಿಷಿನಲ್ಲಿ ಇದೇ ಅಕ್ಷರಗಳಿಂದ ಬರೆಯುತ್ತಾರೆ. ಮೊದಲ ಅಕ್ಷರ ದೊಡ್ಡದಾದರೆ ದೇಶ, ಚಿಕ್ಕದಾದರೆ ಹೊಳಪು. ಎರಡಕ್ಕೂ ಯಾವ ನಂಟೂ ಇಲ್ಲ. ಪೋಲೆಂಡಿನ ಹೆಸರು ಬಂದದ್ದು ‘ಹೊಲ, ಬಯಲು’ ಎಂಬ ಅರ್ಥದ ಸ್ಲಾವಿಕ್ ಪದದಿಂದ. ಕನ್ನಡದಲ್ಲಿ ಉಚ್ಚಾರದಂತೆಯೇ ಬರೆಯುವುದರಿಂದ ಈ ಗೊಂದಲ ಇಲ್ಲ.

ಅದೇ ಲ್ಯಾಟಿನ್ ಬೇರಿನಿಂದ ಇಂಗ್ಲಿಷಿನಲ್ಲಿ ಇನ್ನೂ ಎರಡು ಪದಗಳು ಟಿಸಿಲೊಡೆದಿವೆ. ಒಂದು, ‘ಪೊಲೈಟ್’. ಇಂದು ಅದಕ್ಕೆ ವಿನಯವುಳ್ಳ, ಸಭ್ಯ ಎಂಬ ಅರ್ಥ. ಆದರೆ ಮೊದಲು ಅದು ಮನುಷ್ಯರಿಗೆ ಹೇಳುತ್ತಿದ್ದ ಮಾತಲ್ಲ. ಉಜ್ಜಿ ನುಣುಪಾಗಿಸಿದ ವಸ್ತುವಿಗೆ ಹೇಳುತ್ತಿದ್ದ ಮಾತು. ಆಮೇಲೆ ತಿದ್ದಿದ ಭಾಷೆಗೆ, ಓದಿದ ಜನಕ್ಕೆ ಹರಡಿತು. ಹದಿನೆಂಟನೆಯ ಶತಮಾನದ ಹೊತ್ತಿಗೆ ಒಳ್ಳೆಯ ನಡವಳಿಕೆಯೇ ಅದರ ಮುಖ್ಯ ಅರ್ಥವಾಯಿತು.

ಎರಡನೆಯದು ‘ಇಂಟರ್‌ಪೊಲೇಟ್’. ಹಳೆಯದನ್ನು ಹೊಸದರಂತೆ ಕಾಣಿಸುವ ಹಾಗೆ ಸಿಂಗರಿಸುವುದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಗ್ರಂಥಗಳ ವಿಷಯದಲ್ಲಿ, ಮೂಲದಲ್ಲಿ ಇಲ್ಲದ್ದನ್ನು ನಡುವೆ ಸೇರಿಸಿ ಅದೂ ಮೂಲದ್ದೇ ಎಂಬಂತೆ ಮಾಡುವುದಕ್ಕೆ ಈ ಪದ ಬಳಕೆಯಾಯಿತು. ಕನ್ನಡ ವಿದ್ವಾಂಸರು ‘ಪ್ರಕ್ಷಿಪ್ತ’ ಎನ್ನುವುದು ಇದನ್ನೇ. ಹಳೆಯ ಕಾವ್ಯವೊಂದರಲ್ಲಿ ಯಾವ ಪದ್ಯ ಕವಿಯದು, ಯಾವುದು ನಂತರದವರು ಸೇರಿಸಿದ್ದು ಎಂದು ಓಲೆಗರಿಗಳನ್ನು ಹೋಲಿಸಿ ನೋಡುವವರ ಮುಖ್ಯ ತಲೆನೋವೇ ಈ ಪ್ರಕ್ಷಿಪ್ತ.

ಹೀಗೆ ಒಂದೇ ಬೇರಿನ ಒಂದು ಕೊಂಬೆಯಲ್ಲಿ ಸಭ್ಯತೆ ಇದೆ, ಇನ್ನೊಂದು ಕೊಂಬೆಯಲ್ಲಿ ಕಲಬೆರಕೆ ಇದೆ.

ಕನ್ನಡದ ಒಪ್ಪ, ನಯ

ಇಂಗ್ಲಿಷಿನ ಪದ ಬರುವ ಮೊದಲು ಕನ್ನಡಿಗರು ಏನನ್ನುತ್ತಿದ್ದರು? ಉಜ್ಜು, ತಿಕ್ಕು, ಬೆಳಗು, ಸಾಣೆ ಹಿಡಿ ಎಂಬ ಕೆಲಸದ ಮಾತುಗಳು ಇವೆ. ಹೊಳಪು, ಮೆರುಗು, ನುಣುಪು ಎಂಬ ಫಲದ ಮಾತುಗಳು ಇವೆ. ಹುಣಿಸೆಹಣ್ಣಿನಿಂದ ತಾಮ್ರದ ಚೊಂಬನ್ನು ತಿಕ್ಕುವುದಕ್ಕೆ ‘ಬೆಳಗುವುದು’ ಎನ್ನುತ್ತೇವೆ, ದೀಪ ಹಚ್ಚುವುದಕ್ಕೂ ಅದೇ ಮಾತು.

ಇವೆಲ್ಲಕ್ಕಿಂತ ಪಾಲಿಶ್‌ಗೆ ಹತ್ತಿರವಾದ ಹಳೆಯ ಪದ ‘ಒಪ್ಪ’. ಕಿಟೆಲ್ ನಿಘಂಟಿನಂಥ ಹಳೆಯ ಕೋಶಗಳಲ್ಲಿ ಇದಕ್ಕೆ ಮೆರುಗು, ಹೊಳಪು, ಅಂದ ಎಂಬ ಅರ್ಥಗಳು ಸಿಗುತ್ತವೆ. ಒಡವೆಗೆ ‘ಒಪ್ಪವಿಡುವುದು’ ಎಂದರೆ ಮೆರುಗು ಕೊಡುವುದು. ತಮಿಳಿನಲ್ಲೂ ಇದರ ಸೋದರ ಪದ ಇದೆ. ಇಂದು ನಮ್ಮ ಮಾತಿನಲ್ಲಿ ಅದು ಉಳಿದಿರುವುದು ‘ಒಪ್ಪ ಓರಣ’ ಎಂಬ ಜೋಡಿಪದದಲ್ಲಿ. ಒಪ್ಪುವುದು, ಒಪ್ಪಿಗೆ, ಒಪ್ಪಂದ ಇವೂ ಅದೇ ಬಳಗದವು. ‘ಈ ಸೀರೆ ನಿನಗೆ ಒಪ್ಪುತ್ತದೆ’ ಎನ್ನುವಾಗ ಒಂದಕ್ಕೊಂದು ಸರಿಹೊಂದುವುದೇ ಅಂದ ಎಂಬ ಭಾವನೆ ಇದೆ.

ವಸ್ತುವಿನ ನುಣುಪಿಗೂ ಮನುಷ್ಯರ ನಡತೆಗೂ ಒಂದೇ ಪದ ಬಳಸುವುದು ಇಂಗ್ಲಿಷಿನವರು ಮಾತ್ರ ಕಂಡುಕೊಂಡದ್ದಲ್ಲ. ‘ಬಟ್ಟೆ ನಯವಾಗಿದೆ’ ಎನ್ನುತ್ತೇವೆ, ‘ನಯವಾಗಿ ಮಾತಾಡು’ ಎಂದೂ ಹೇಳುತ್ತೇವೆ. ಕಂಬಳಿಯೂ ಒರಟು, ಮನುಷ್ಯನೂ ಒರಟು. ಇನ್ನೂ ಸ್ವಾರಸ್ಯದ್ದು ‘ನೈಸ್’ ಎಂಬ ಎರವಲು ಪದದ ಗತಿ. ಇಂಗ್ಲಿಷಿನಲ್ಲಿ ಅದಕ್ಕೆ ಒಳ್ಳೆಯದು, ಹಿತವಾದದ್ದು ಎಂಬ ಅರ್ಥ. ನಮ್ಮ ಅಡುಗೆಮನೆಯಲ್ಲಿ ಅಕ್ಕಿಹಿಟ್ಟು ‘ನೈಸಾಗಿ’ ಬೀಸಿರಬೇಕು, ಅಂದರೆ ನುಣ್ಣಗಿರಬೇಕು. ಬೀದಿಯಲ್ಲಿ ‘ನೈಸ್ ಮಾಡುವುದು’ ಎಂದರೆ ಬೆಣ್ಣೆ ಹಚ್ಚುವುದು. ನಮ್ಮ ‘ನಯ’ದ ಎರಡೂ ಅರ್ಥಗಳನ್ನು ಈ ಪದಕ್ಕೆ ಕನ್ನಡಿಗರು ತೊಡಿಸಿದ್ದಾರೆ.

ಕಾಫಿಯ ಪಾಲಿಶ್

ಕಾಫಿ ಬೀಜ ಬಾಬಾಬುಡನ್ ಗಿರಿಗೆ ಬಂದದ್ದು ಹದಿನೇಳನೆಯ ಶತಮಾನದಲ್ಲಿ, ಯೆಮನ್‌ನಿಂದ ಏಳು ಬೀಜಗಳಾಗಿ ಎಂಬ ಐತಿಹ್ಯ ಎಲ್ಲರಿಗೂ ಗೊತ್ತು. ಕಾಫಿಯ ಕಸುಬಿನ ಮಾತುಗಳು ಬಂದದ್ದು ಅದಕ್ಕಿಂತ ತಡವಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಪ್ಲಾಂಟರುಗಳು ತೋಟ ಮಾಡಿದಾಗ. ರೈಟರು, ಲೈನು, ನರ್ಸರಿ, ಪಲ್ಪರು, ಪಾರ್ಚ್‌ಮೆಂಟು, ಚೆರಿ, ಕ್ಯೂರಿಂಗು ಎಂಬ ಮಾತುಗಳು ತೋಟದ ಕನ್ನಡದಲ್ಲಿ ಆಗಿನಿಂದ ಇವೆ. ಪಾಲಿಶ್ ಕೂಡ ಈ ಬಳಗದ್ದೇ.

ಕಾಫಿ ಹಣ್ಣಿನ ಒಳಗೆ ಬೀಜಕ್ಕೆ ಹಲವು ಹೊದಿಕೆಗಳು ಇವೆ. ಮೇಲೆ ಕೆಂಪು ಸಿಪ್ಪೆ ಮತ್ತು ತಿರುಳು. ಅದರೊಳಗೆ ಜಾರುವ ಲೋಳೆ. ಲೋಳೆಯ ಒಳಗೆ ಗಟ್ಟಿಯಾದ ಹಳದಿ ಹೊಟ್ಟು, ಅದೇ ಪಾರ್ಚ್‌ಮೆಂಟ್. ಅದಕ್ಕೂ ಒಳಗೆ ಬೀಜಕ್ಕೆ ಅಂಟಿಕೊಂಡ ಈರುಳ್ಳಿ ಪೊರೆಯಂಥ ತೆಳುವಾದ ಬೆಳ್ಳಿಪೊರೆ.

ತೋಟದಲ್ಲಿ ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ಲೋಳೆ ಹೋಗುವಂತೆ ಹುದುಗಿಸಿ, ತೊಳೆದು, ಕಣದಲ್ಲಿ ಒಣಗಿಸಿದರೆ ಅದು ಪಾರ್ಚ್‌ಮೆಂಟ್ ಕಾಫಿ. ಹಣ್ಣನ್ನು ಹಾಗೆಯೇ ಒಣಗಿಸಿದರೆ ಚೆರಿ. ಬೆಳೆಗಾರರ ಕೆಲಸ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಮುಂದಿನದು ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಕಲ್ಲು, ಕಡ್ಡಿ ತೆಗೆದು, ಹೊಟ್ಟು ಸುಲಿದು, ಪಾಲಿಶ್ ಮಾಡಿ, ಜರಡಿಯಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಕೆಟ್ಟ ಬೀಜ ಆರಿಸಿ ಚೀಲಕ್ಕೆ ತುಂಬುತ್ತಾರೆ. ಸುಮಾರು ಆರು ಕಿಲೋ ಅರೇಬಿಕಾ ಹಣ್ಣಿನಿಂದ ಕೊನೆಗೆ ಕೈಗೆ ಸಿಗುವುದು ಒಂದು ಕಿಲೋ ಬೀಜ.

ಇದರಲ್ಲಿ ಪಾಲಿಶ್ ಎಂದರೆ ಹೊಟ್ಟು ಸುಲಿದ ಮೇಲೂ ಬೀಜಕ್ಕೆ ಅಂಟಿರುವ ಬೆಳ್ಳಿಪೊರೆಯನ್ನು ತೆಗೆಯುವುದು. ಯಂತ್ರದೊಳಗೆ ಬೀಜಗಳು ಉರುಳುತ್ತಾ ಲೋಹದ ಏಣುಗಳಿಗೂ ಒಂದಕ್ಕೊಂದಕ್ಕೂ ಉಜ್ಜಿಕೊಳ್ಳುತ್ತವೆ. ಉಜ್ಜುವ ಭಾಗಗಳನ್ನು ಕಬ್ಬಿಣಕ್ಕಿಂತ ಮೃದುವಾದ ಕಂಚಿನಲ್ಲಿ ಮಾಡುವ ರೂಢಿಯೂ ಇದೆ. ಇಲ್ಲಿ ಎಣ್ಣೆ ಇಲ್ಲ, ಬಣ್ಣ ಇಲ್ಲ, ಮೇಣ ಇಲ್ಲ. ಪೊರೆ ಹೋದ ಮೇಲೆ ಕಾಣುವ ನೀಲಿ ಛಾಯೆಯ ಹಸಿರು ಹೊಳಪು ಬೀಜದ್ದೇ.

ಹಾಗಾದರೆ ಪಾಲಿಶ್ ಮಾಡಿದ ಕಾಫಿ ಕುಡಿಯಲು ಹೆಚ್ಚು ರುಚಿಯೇ? ಹಾಗೇನೂ ಇಲ್ಲ. ಉಳಿದ ಬೆಳ್ಳಿಪೊರೆ ಹುರಿಯುವಾಗ ಹೇಗೂ ಹೊಟ್ಟಾಗಿ ಹಾರಿಹೋಗುತ್ತದೆ. ಪಾಲಿಶ್‌ನಿಂದ ಆಗುವ ಲಾಭ ಮುಖ್ಯವಾಗಿ ನೋಟದ್ದು. ಬೀಜದ ಬಣ್ಣ, ಕಲೆ, ತೂತು ಚೆನ್ನಾಗಿ ಕಾಣುವುದರಿಂದ ಆರಿಸುವುದಕ್ಕೂ ಬೆಲೆ ಕಟ್ಟುವುದಕ್ಕೂ ಅನುಕೂಲ. ಅತಿಯಾದರೆ ಉಜ್ಜುವಿಕೆಯ ಬಿಸಿಗೆ ಬೀಜ ಕೆಡುತ್ತದೆ, ತೂಕವೂ ಸ್ವಲ್ಪ ಇಳಿಯುತ್ತದೆ. ಹೀಗಾಗಿ ಪಾಲಿಶ್ ಬೇಡ ಎನ್ನುವ ಖರೀದಿದಾರರೂ ಇದ್ದಾರೆ.

ಹಸಿಕಾಯಿಯನ್ನೂ ಹಣ್ಣಿನ ಜೊತೆ ಸೇರಿಸಿ ಕಿತ್ತಿದ್ದರೆ, ಹುದುಗುವಿಕೆ ಹೆಚ್ಚಾಗಿದ್ದರೆ, ಕಣದಲ್ಲಿ ಮಳೆಗೆ ನೆನೆದು ಬೂಷ್ಟು ಬಂದಿದ್ದರೆ ಯಾವ ಪಾಲಿಶೂ ಅದನ್ನು ಸರಿಮಾಡಲಾರದು. ಬಟ್ಟಲಿಗೆ ಬಂದಾಗ ನಾಲಿಗೆ ಅದನ್ನು ಹೇಳಿಬಿಡುತ್ತದೆ. ತೋಟದಲ್ಲಿ ಆದ ಒಳ್ಳೆಯದೂ ಕೆಟ್ಟದ್ದೂ ಪಾಲಿಶ್ ಆದ ಬೀಜದಲ್ಲಿ ಮೊದಲಿಗಿಂತ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಿತ್ತು. ಎಲ್ಲರ ಕಾಫಿಯೂ ಒಂದೇ ರಾಶಿಗೆ ಸೇರಿ ಮಾರಾಟವಾಗಿ, ಹಣ ಕಂತುಗಳಲ್ಲಿ ಬರುತ್ತಿತ್ತು. 1992ರಿಂದ ಈ ಕಟ್ಟು ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವಂತಾಯಿತು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಊರಿನ ಹೆಸರು ಹೊತ್ತು ಕಾಫಿ ಮಾರಾಟವಾಗುವಾಗ ಬೀಜದ ಹೊಳಪಿನ ಹಿಂದೆ ಏನಿದೆ ಎಂಬುದಕ್ಕೆ ಬೆಲೆ ಹೆಚ್ಚು.

ಕ್ಯೂರಿಂಗ್ ಮತ್ತು ಗಾರ್ಬ್ಲಿಂಗ್

ಪಾಲಿಶ್ ನಡೆಯುವ ಜಾಗದ ಹೆಸರೂ, ಅದರ ಮುಂದಿನ ಕೆಲಸದ ಹೆಸರೂ ತಿಳಿಯಲು ತಕ್ಕವು. ‘ಕ್ಯೂರ್’ ಎಂಬುದು ಲ್ಯಾಟಿನ್ನಿನ ‘ಕೂರಾ’ದಿಂದ ಬಂದದ್ದು. ಆರೈಕೆ, ಕಾಳಜಿ ಎಂದು ಅದರ ಅರ್ಥ. ರೋಗ ವಾಸಿಮಾಡುವುದಕ್ಕೂ ಕಾಫಿ ಹದ ಮಾಡುವುದಕ್ಕೂ ಒಂದೇ ಪದ ಬಂದದ್ದು ಹೀಗೆ. ಕನ್ನಡದಲ್ಲಿ ನಾವು ಇದಕ್ಕೆ ‘ಕಾಫಿ ಸಂಸ್ಕರಣೆ’ ಎನ್ನುತ್ತೇವೆ. ಸಂಸ್ಕರಣೆ, ಸಂಸ್ಕಾರ, ಸಂಸ್ಕೃತಿ ಮೂರೂ ಒಂದೇ ಧಾತುವಿನವು. ಬೀಜವನ್ನು ತಿದ್ದುವ ಕೆಲಸಕ್ಕೂ ಮನುಷ್ಯರನ್ನು ತಿದ್ದುವ ಕೆಲಸಕ್ಕೂ ಇಲ್ಲೂ ಒಂದೇ ಮಾತು.

ಕೆಟ್ಟ ಬೀಜ ಆರಿಸುವುದಕ್ಕೆ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ‘ಗಾರ್ಬ್ಲಿಂಗ್’ ಎನ್ನುತ್ತಾರೆ. ಸಾಲುಸಾಲಾಗಿ ಕುಳಿತು ಕಪ್ಪು ಬೀಜ, ಒಡೆದ ಬೀಜ, ಹುಳುಕು ಬೀಜಗಳನ್ನು ಬೆರಳಿನಿಂದ ಆರಿಸಿ ತೆಗೆಯುವ ಈ ಕೆಲಸವನ್ನು ಬಹುಪಾಲು ಮಾಡಿಕೊಂಡು ಬಂದವರು ಹೆಂಗಸರು. ಬಣ್ಣ ಗುರುತಿಸುವ ಯಂತ್ರಗಳು ಬಂದ ಮೇಲೆ ಕೈಯಿಂದ ಆರಿಸುವ ಕೆಲಸ ಕಡಿಮೆಯಾಗಿದೆ. ಇಂಗ್ಲಿಷಿನಲ್ಲಿ ‘ಗಾರ್ಬಲ್ಡ್’ ಎಂದರೆ ಕಲಸುಮೇಲೋಗರವಾದ, ಅರ್ಥವಾಗದ ಮಾತು. ಆದರೆ ಪದದ ಮೂಲಾರ್ಥ ತದ್ವಿರುದ್ಧ. ಅರಬ್ಬಿಯಲ್ಲಿ ಜರಡಿ ಹಿಡಿಯುವುದಕ್ಕೆ ಹೇಳುವ ಪದದಿಂದ ಅದು ಬಂದದ್ದು. ಇಟಲಿಯ ಸಾಂಬಾರ ವ್ಯಾಪಾರಿಗಳ ಬಾಯಿಂದ ಇಂಗ್ಲಿಷಿಗೆ ಹೋಯಿತು. ಬೇಕಾದ್ದನ್ನು ಮಾತ್ರ ಆರಿಸಿಕೊಂಡು ಇನ್ನೊಬ್ಬರ ಮಾತಿನ ಅರ್ಥ ಕೆಡಿಸುವುದಕ್ಕೆ ಅದನ್ನು ಬಳಸತೊಡಗಿದ ಮೇಲೆ ಅರ್ಥ ತಿರುಗಿತು. ಹಳೆಯ ಅರ್ಥವನ್ನು ಕಾಫಿ ಕೆಲಸದವರು ಉಳಿಸಿಕೊಂಡಿದ್ದಾರೆ.

ತೌಡಿನ ಜೊತೆ ಹೋದದ್ದು

ತೆಗೆಯುವ ಪಾಲಿಶ್‌ನಿಂದಲೂ ಕೇಡಾಗಬಹುದು ಎಂಬುದಕ್ಕೆ ಅಕ್ಕಿಯ ಕತೆ ಸಾಕ್ಷಿ. ಒನಕೆಯಲ್ಲಿ ಕುಟ್ಟಿದ ಅಕ್ಕಿಯಲ್ಲಿ ತೌಡಿನ ಅಂಶ ಉಳಿಯುತ್ತಿತ್ತು. ಯಂತ್ರದ ಗಿರಣಿಗಳು ಬಂದ ಮೇಲೆ ಅಕ್ಕಿ ಮಲ್ಲಿಗೆಯಂತೆ ಬೆಳ್ಳಗಾಯಿತು. ಅದನ್ನೇ ಹೆಚ್ಚಾಗಿ ಉಣ್ಣುತ್ತಿದ್ದ ಏಷ್ಯಾದ ಊರುಗಳಲ್ಲಿ, ಸೈನ್ಯದಲ್ಲಿ, ಜೈಲುಗಳಲ್ಲಿ ಬೆರಿಬೆರಿ ಎಂಬ ರೋಗ ಹರಡಿತು. ಕೈಕಾಲು ಸೋತು, ಮೈ ಊದಿ, ಕೊನೆಗೆ ಹೃದಯ ನಿಂತು ಜನ ಸಾಯುತ್ತಿದ್ದರು.

1890ರ ದಶಕದಲ್ಲಿ ಜಾವಾ ದ್ವೀಪದ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ ತನ್ನ ಪ್ರಯೋಗಾಲಯದ ಕೋಳಿಗಳಿಗೂ ಇಂಥದೇ ರೋಗ ಬಂದುದನ್ನು ಕಂಡ. ಆಸ್ಪತ್ರೆಯ ಅಡುಗೆಮನೆಯ ಪಾಲಿಶ್ ಅಕ್ಕಿಯ ಅನ್ನ ತಿಂದಾಗ ಅವು ಬಿದ್ದವು, ಪಾಲಿಶ್ ಮಾಡದ ಅಕ್ಕಿ ಕೊಟ್ಟಾಗ ಎದ್ದವು. ತೌಡಿನ ಜೊತೆ ಹೊರಗೆ ಹೋಗುತ್ತಿದ್ದದ್ದು ಥಯಾಮಿನ್ ಅಥವಾ ಬಿ1 ಎಂಬುದು ಆಮೇಲೆ ಸ್ಪಷ್ಟವಾಯಿತು. 1912ರಲ್ಲಿ ಕ್ಯಾಸಿಮಿರ್ ಫಂಕ್ ಇಂಥ ಪೋಷಕಾಂಶಗಳಿಗೆ ‘ವೈಟಮೀನ್’ ಎಂದು ಹೆಸರಿಟ್ಟ. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಹುಮಾನ ಸಂದಿತು. ಕರಾವಳಿಯ ಮತ್ತು ಮಲೆನಾಡಿನ ಮನೆಗಳಲ್ಲಿ ಬಳಸುವ ಕುಚ್ಚಲಕ್ಕಿಗೆ ಈ ಅಪಾಯ ಕಡಿಮೆ. ಭತ್ತವನ್ನು ಮೊದಲೇ ಬೇಯಿಸಿ ಒಣಗಿಸುವಾಗ ಈ ಸತ್ವದ ಒಂದು ಭಾಗ ಅಕ್ಕಿಯ ಒಳಕ್ಕೆ ಇಳಿದು ಉಳಿಯುತ್ತದೆ.

ಕಾಫಿಯ ಬೆಳ್ಳಿಪೊರೆ ಹೋದರೆ ನಷ್ಟವಿಲ್ಲ, ಅಕ್ಕಿಯ ತೌಡು ಹೋದರೆ ನಷ್ಟವಿದೆ. ತೆಗೆಯುವುದಕ್ಕೂ ಒಂದು ಮಿತಿ ಬೇಕು.

ಹಚ್ಚುವ ಪಾಲಿಶ್

ಇನ್ನು ಹಚ್ಚುವ ಬಗೆ. ಹಳೆಯ ತೋಟದ ಬಂಗಲೆಗಳ ಬೀಟೆ ಮೇಜು, ಕುರ್ಚಿಗಳ ಮೇಲೆ ಕಾಣುವ ಗಾಜಿನಂಥ ಹೊಳಪನ್ನು ‘ಫ್ರೆಂಚ್ ಪಾಲಿಶ್’ ಎನ್ನುತ್ತಾರೆ. ಹೆಸರು ಫ್ರೆಂಚರದು, ಆದರೆ ಅದರ ಜೀವಾಳ ಅರಗು. ಭಾರತದ ಕಾಡುಗಳಲ್ಲಿ ಮರದ ಕೊಂಬೆಗಳ ಮೇಲೆ ಪುಟ್ಟ ಕೀಟಗಳು ಸುರಿಸುವ ಅಂಟು ಅದು. ಅದನ್ನು ಶುದ್ಧ ಮಾಡಿ ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರದ ಮೇಲೆ ಪದರ ಹಚ್ಚುತ್ತಾರೆ. ಬೀಟೆಯ ಗೆರೆಗಳು ಮರೆಯಾಗದೆ ಇನ್ನಷ್ಟು ಎದ್ದು ಕಾಣುತ್ತವೆ. ಹಚ್ಚುವುದೆಲ್ಲ ಮುಚ್ಚುವುದಲ್ಲ ಎಂಬುದಕ್ಕೆ ಇದು ಉದಾಹರಣೆ.

ಕಳಸ, ಕೊಪ್ಪ, ಶೃಂಗೇರಿ ಕಡೆಯ ಅಡಿಕೆ ಬೆಳೆಗಾರರಿಗೆ ‘ಚೊಗರು’ ಗೊತ್ತು. ಸುಲಿದ ಹಸಿ ಅಡಿಕೆಯನ್ನು ಬೇಯಿಸಿದಾಗ ಉಳಿಯುವ ಕೆಂಪು ಮಂದ ರಸ ಅದು. ಅದನ್ನು ಅಡಿಕೆಗೆ ಸವರಿ ಒಣಗಿಸಿದರೆ ಕೆಂಪು ಬಣ್ಣ, ಹೊಳಪು ಬರುತ್ತವೆ. ಚೊಗರು ಅಡಿಕೆಯದೇ ರಸ. ಆದರೆ ಅದರ ಬದಲು ಅಂಗಡಿಯ ಬಣ್ಣ ಬಳಸಿದರೆ ಅದು ಪಾಲಿಶ್ ಅಲ್ಲ, ಮೋಸ.

ಮೆಣಸಿನ ವಿಷಯದಲ್ಲಿ ಈ ಗೆರೆ ದಾಟಿದ ಪ್ರಸಂಗ ದೊಡ್ಡ ಸುದ್ದಿಯಾಗಿತ್ತು. ಕಾಫಿ ತೋಟದ ನೆರಳು ಮರಗಳಿಗೆ ಹಬ್ಬಿಸಿದ ಬಳ್ಳಿಯ ಮೆಣಸು ಒಣಗಿದಾಗ ಸಹಜವಾಗಿ ಮಂದ ಕಪ್ಪು. ಅದಕ್ಕೆ ಮಿನುಗುವ ಕಪ್ಪು ಬರಲೆಂದು, ಬೂಷ್ಟು ಹಿಡಿಯದಿರಲೆಂದು ಖನಿಜ ತೈಲ ಸವರುವ ಚಾಳಿ ವ್ಯಾಪಾರದಲ್ಲಿತ್ತು. 2012ರ ಕೊನೆಯಲ್ಲಿ ಕೇರಳದ ಆಹಾರ ಸುರಕ್ಷತಾ ಅಧಿಕಾರಿಗಳು ಕೊಚ್ಚಿಯ ಗೋದಾಮುಗಳಲ್ಲಿದ್ದ ಸಾವಿರಾರು ಟನ್ ಮೆಣಸನ್ನು ಈ ತೈಲದ ಅಂಶವಿದೆ ಎಂಬ ಕಾರಣಕ್ಕೆ ತಡೆಹಿಡಿದರು. ಇಂಥ ಸುದ್ದಿಯಿಂದ ತೊಂದರೆಯಾಗುವುದು ತೈಲ ಸವರಿದವರಿಗೆ ಮಾತ್ರವಲ್ಲ. ಬಿಸಿಲಲ್ಲಿ ಒಣಗಿಸಿ, ಕೇರಿ, ಇದ್ದಂತೆಯೇ ಚೀಲಕ್ಕೆ ತುಂಬಿದ ಬೆಳೆಗಾರನ ಮೆಣಸನ್ನೂ ಕೊಳ್ಳುವವರು ಅನುಮಾನದಿಂದ ನೋಡುತ್ತಾರೆ. ಹೊಳೆಯುವ ಮೆಣಸೇ ಒಳ್ಳೆಯದು ಎಂದು ಅಂಗಡಿಯಲ್ಲಿ ಆರಿಸುವ ಗಿರಾಕಿಯ ಪಾಲೂ ಇದರಲ್ಲಿ ಇದೆ.

ಕಲ್ಲಿನ ಕನ್ನಡಿ

ಪಾಲಿಶ್ ಎಂಬ ಪದ ಇಲ್ಲದಿದ್ದಾಗಲೂ ಪಾಲಿಶ್ ಕೆಲಸ ಈ ಜಿಲ್ಲೆಗೆ ಹೊಸದಾಗಿರಲಿಲ್ಲ. ಹೊಯ್ಸಳರ ಮೂಲ ನೆಲೆ ಎನ್ನಲಾದ ಸೊಸೆವೂರು ಮೂಡಿಗೆರೆ ತಾಲ್ಲೂಕಿನ ಇಂದಿನ ಅಂಗಡಿ ಗ್ರಾಮ. ಆ ವಂಶದ ಎರಡನೆಯ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅವನ ದಂಡನಾಯಕನೊಬ್ಬ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯ ಕಟ್ಟಿಸಿದ. ಅದರ ಮಂಟಪದ ಕಂಬಗಳನ್ನು ತಿರುಗಣೆಯಲ್ಲಿ ಕಡೆದು, ಉಜ್ಜಿ, ಮಿಂಚುವಂತೆ ಮಾಡಿದ್ದಾರೆ. ಎಂಟು ಶತಮಾನಗಳ ಮೇಲೂ ಆ ಹೊಳಪು ಹೋಗಿಲ್ಲ.

ಅದು ಬಳಪದ ಕಲ್ಲು. ಕಣಶಿಲೆಯಷ್ಟು ಗಡುಸಲ್ಲ, ಬಲು ನಯವಾದ ಕಣಗಳ ಕಲ್ಲು. ಆದ್ದರಿಂದಲೇ ಸೂಕ್ಷ್ಮ ಕೆತ್ತನೆಗೂ ಕನ್ನಡಿಯ ಹೊಳಪಿಗೂ ಒದಗುತ್ತದೆ. ಹೊಳಪು ಕಲ್ಲಿನ ಗುಣದಲ್ಲೇ ಇತ್ತು, ಕುಶಲಕರ್ಮಿಯ ಕೈ ಅದನ್ನು ಹೊರಗೆ ತಂದಿತು. ಮೇಲೆ ಸವರಿದ ಬಣ್ಣವಾಗಿದ್ದರೆ ಮಲೆನಾಡಂಚಿನ ಮಳೆಗಾಲಗಳನ್ನು ಅದು ಇಷ್ಟು ಕಾಲ ತಾಳುತ್ತಿರಲಿಲ್ಲ.

ಮನುಷ್ಯರ ವಿಷಯದಲ್ಲೂ ಭಾಷೆ ಈ ಭೇದ ಬಲ್ಲದು. ‘ನಯವಿನಯ’ ಎಂದಾಗ ಅದು ಹೊಗಳಿಕೆ, ‘ನಯವಂಚಕ’ ಎಂದಾಗ ಬೈಗುಳ. ನಯ ಎರಡರಲ್ಲೂ ಇದೆ. ಇಂಗ್ಲಿಷಿನ ಪಾಲಿಶ್ ಪದಕ್ಕೆ ಇಷ್ಟೊಂದು ಜಾಗ ಕೊಟ್ಟ ನಾವು ನಮ್ಮ ‘ಒಪ್ಪ’ವನ್ನು ಪೂರ್ತಿ ಮರೆಯಬೇಕಾಗಿಲ್ಲ. ಮೇಲಿನ ಮೆರುಗು ಒಳಗಿನ ವಸ್ತುವಿಗೆ ಒಪ್ಪುತ್ತದೆಯೇ ಎಂಬ ಪ್ರಶ್ನೆ ಆ ಪದದಲ್ಲೇ ಅಡಗಿದೆ. ಕಾಫಿಯನ್ನಾಗಲಿ ಮೆಣಸನ್ನಾಗಲಿ ಅಕ್ಕಿಯನ್ನಾಗಲಿ ಕೊಳ್ಳುವಾಗ, ಈ ಹೊಳಪು ಏನನ್ನು ತೆಗೆದುದರಿಂದ ಬಂತು, ಏನನ್ನು ಹಚ್ಚಿದುದರಿಂದ ಬಂತು ಎಂದು ಒಂದು ಮಾತು ಕೇಳಿದರೆ ಅಂಗಡಿಯವರಿಗೆ ಬೇಸರವಾಗಬಹುದು. ಒಳ್ಳೆಯ ಮಾಲು ಬೆಳೆದವರಿಗಂತೂ ಬೇಸರವಾಗುವುದಿಲ್ಲ.